ಬಿಸಿಲು ಬೇವಿನ ಮರ ದಾಟುವ ಮುಂಚೆ

ಇರುಳೆಲ್ಲ ಕಲ್ಲಾಗಿದ್ದು, ಬಿಸಿಲೇರಿದಂತೆ ಮತ್ತೆ ಮನುಷ್ಯಳಾಗುವ ರಾಜಕುಮಾರಿಯ ಕತೆಯನ್ನು ಚೌಡವ್ವ ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಳು. ಆ ರಾಜಕುಮಾರಿ ನಮ್ಮ ಮನೆಯಲ್ಲೇ ಇದ್ದಾಳೆಂದು ತಿಳಿದದ್ದು, ಅವ್ವ ಒಂದು ಮುಂಜಾನೆ ಬೆರಳು ಸೆಟೆದು ರೊಟ್ಟಿ ಬಡಿಯಲಾಗದೆ ಹಿಟ್ಟಿನ ಮುಂದೆ ಸುಮ್ಮನೆ ಕೂತಾಗ.

ಮೋಟೆಬೆನ್ನೂರಿನ ಲಕ್ಕಪ್ಪನ ಹೊಲದಲ್ಲಿ ಬೀಜದ ಮೆಣಸಿನಗಿಡಗಳಿಗೆ ಕ್ರಾಸಿಂಗ್ ಮಾಡುವುದು ಅವ್ವನ ಕೆಲಸ. ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯಬೇಕು. ಮರುದಿನ ಮುಂಜಾನೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಬಿಸಿಲೇರಿದರೆ ಹೂವು ಪರಾಗವನ್ನು ಒಪ್ಪುವುದಿಲ್ಲ. ಅವ್ವನ ಬೆರಳು ಸಡಿಲಾಗುತ್ತಿದ್ದುದೇ ಬಿಸಿಲೇರಿದ ಮೇಲೆ.

"ಮುಂದಿನ ಹಂಗಾಮಿಗೂ ಹಿಂಗ ಇದ್ರ ಬ್ಯಾರೆಯವ್ರನ್ನ ನೋಡ್ಬೇಕಾಗ್ತೈತಿ, ಕಾವೇರವ್ವಾ" ಎಂದಿದ್ದ ಲಕ್ಕಪ್ಪ.

"ಮೆಣಸಿನಕಾಯಿ ಖಾರ ಕೀಲಿಗೆ ಇಳದೈತಿ" ಎಂದು ಅಜ್ಜಿ ಅವ್ವನ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಸುತ್ತಿದ್ದಳು. "ಇಷ್ಟ್ ವಯಸ್ಸಾದ ನನಗ ಬರದ ಕೀಲುಬ್ಯಾನಿ ನಿನಗ ಹೆಂಗ ಬರತೈತಿ?"

ಕೊನೆಗೆ ಹಾವೇರಿಯ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಬೇನಜೀರ ಅವರು ಅವ್ವನ ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿದರು.

"ಎರಡೂ ಕೈಯಾಗ ಒಂದ ನಮೂನಿ ಗೆಣ್ಣು ಬಾತಾವ. ಮುಂಜಾನೆ ಬೆರಳು ಸಡಲಾಗಾಕ ಎಷ್ಟೊತ್ತು ಬೇಕ್ರಿ?"

"ಬಿಸಲು ಬದುವಿನ ಬೇವಿನ ಮರ ದಾಟಬೇಕ್ರಿ."

ರಕ್ತ ತಪಾಸಣೆ, ಎಕ್ಸ್‌ರೇ ಆದವು. ಬೆಳಕಿನ ಮುಂದೆ ಹಿಡಿದ ಆ ಚಿತ್ರವನ್ನು ನಾನು ಹತ್ತಿರ ಬಗ್ಗಿ ನೋಡಿದೆ. ನನ್ನ ತಲೆ ಬಾಚಿದ, ಬೆನ್ನಿಗೆ ಗುದ್ದಿದ ಕೈಯೊಳಗೆ ಇಷ್ಟೊಂದು ಪುಟ್ಟ ಎಲುಬುಗಳು, ಬೆಳ್ಳಗೆ, ನದಿಯ ತಳದ ಹರಳುಗಳಂತೆ!

"ಎಲುಬು ಇನ್ನೂ ಸವದಿಲ್ಲ, ಛಲೋ ಹೊತ್ತಿಗೆ ಬಂದೀರಿ" ಎಂದರು ಡಾಕ್ಟರ್. "ಇದು ರುಮಟಾಯ್ಡ್ ಸಂಧಿವಾತ. ವಯಸ್ಸಾದವ್ರಿಗಷ್ಟ ಬರೋದಲ್ಲ. ಮೈ ಕಾಯೋ ಪಡೆ ತನ್ನ ಕೀಲುಗಳನ್ನ ವೈರಿ ಅಂತ ತಿಳಕೊಂಡೈತಿ."

"ಕಾಯೋ ನಾಯಿ ಮನಿಯವ್ರನ್ನ ಕಡದಂಗ?" ಎಂದಳು ಅಜ್ಜಿ.

"ಹೂಂ ಅಜ್ಜಿ. ನಾಯಿ ಕೊಲ್ಲೂದಲ್ಲ, ಸುಮ್ಮನ ಮಾಡೂದು. ಈ ಗುಳಿಗಿ ವಾರಕ್ಕೊಮ್ಮೆ ಅಷ್ಟ. ದಿನಾ ನುಂಗಿದ್ರ ಜೀವಕ್ಕ ಕುತ್ತು. ಆಗಾಗ ರಕ್ತ ತಪಾಸಣಿ ಆಗ್ಬೇಕು. ಗುಣ ನಿಧಾನ ಕಾಣತೈತಿ. ಆರಾಮಾತು ಅಂತ ನೀವ ನಿಲ್ಲಸಬ್ಯಾಡ್ರಿ."

ವಾರಗಳು ಕಳೆದರೂ ಏನೂ ಕಾಣಲಿಲ್ಲ. "ನಿನ್ನ ಡಾಕ್ಟರವ್ವನ ನಾಯಿಗೆ ಕಿವಿ ಕೇಳಂಗಿಲ್ಲೇನ?" ಎಂದು ಅಜ್ಜಿ ನನ್ನನ್ನು ಕಾಡಿದಳು. ಅವ್ವ ಮಾತ್ರ ಗುಳಿಗೆ ಬಿಡಲಿಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು, ಡಾಕ್ಟರು ತೋರಿಸಿದಂತೆ ಮುಷ್ಟಿ ಮಡಚಿ ಬಿಚ್ಚುತ್ತಿದ್ದಳು. ಬಾವು ಎಂದು ಇಳಿಯತೊಡಗಿತೋ, ನೋಡುತ್ತಲೇ ಇದ್ದ ನನಗೂ ತಿಳಿಯಲಿಲ್ಲ.

ಹೊಸ ಹಂಗಾಮಿನ ಮೊದಲ ಮುಂಜಾನೆ ನಾನೂ ಹೊಲಕ್ಕೆ ಹೋದೆ. ಲಕ್ಕಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಅವ್ವ ಎಡಗೈಯಲ್ಲಿ ಹೂವಿನ ತೊಟ್ಟು ಹಿಡಿದಳು. ಬಲಗೈಯ ಕಿರುಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ತೋರುಬೆರಳ ತುದಿಯ ಪರಾಗ, ಕೂಸಿಗೆ ಬೊಟ್ಟಿಡುವ ಹಾಗೆ, ಹೂವನ್ನು ಮುಟ್ಟಿತು. ಎಸಳೂ ಅಲುಗಲಿಲ್ಲ.

ನಾನು ತಿರುಗಿ ನೋಡಿದೆ. ಸೂರ್ಯ ಇನ್ನೂ ಬೇವಿನ ಮರದ ಬುಡದಲ್ಲೇ ಇದ್ದ.

ಲಕ್ಕಪ್ಪ ತಲೆದೂಗಿ ಮುಂದಿನ ಸಾಲಿಗೆ ನಡೆದ.

"ಏನ್ ಬಾಯಿ ತಗದು ನಿಂತೀಯಲೇ?" ಎಂದಳು ಅವ್ವ. "ಹೂವಿಗೆ ಗುರುತು ಕಟ್ಟಬೇಕು, ದಾರಾ ಕೊಡು."