ಬೆಂಕಿಗೆ ಹಿಡಿದ ಡೋಲು

ಡೋಲು ಕಟ್ಟುವವನಿಗೆ ಒಬ್ಬಳೇ ಮಗಳು. ಮಾತು ಜಾಸ್ತಿ ಎಂದು ಮನೆಯವರು ಅವಳಿಗೆ ಗಿಳಿ ಎಂದೇ ಹೆಸರಿಟ್ಟಿದ್ದರು. ವಿಜ್ಞಾನದಲ್ಲಿ ನಪಾಸಾದ ಮೇಲೆ ಗಿಳಿ ಬಾಯಿ ಬಿಟ್ಟಿರಲಿಲ್ಲ. ಮೂರು ದಿನದಿಂದ ಶಾಲೆಗೂ ಹೋಗಿರಲಿಲ್ಲ.

ನಾಲ್ಕನೆಯ ದಿನ ವಿಜ್ಞಾನದ ಟೀಚರೇ ಮನೆಗೆ ಬಂದರು.

“ಬಿಟ್ಬಿಡಿ ಟೀಚರ್,” ಎಂದ ಅಪ್ಪ, ಹಗ್ಗ ಬಿಗಿಯುತ್ತಲೇ. “ಅದು ನಮ್ಮ ತಲೆಗೆ ಹತ್ತೋ ವಿದ್ಯೆ ಅಲ್ಲ. ಶಾಲೆ ಬಿಟ್ಟು ನನ್ನ ಜೊತೆ ಕೂತ್ಕೊಳ್ಲಿ.”

“ಮೊದ್ಲು ಇದನ್ನ ಕೇಳಿ.” ಟೀಚರ್ ಉತ್ತರಪತ್ರಿಕೆ ತೆಗೆದರು. “ಸದ್ದಿನ ಶ್ರುತಿ ಏರೋದು ಯಾವಾಗ ಅಂತ ಪ್ರಶ್ನೆ. ಡೋಲನ್ನು ಬೆಂಕಿಗೆ ಹಿಡಿದಾಗ ಅಂತ ಬರೆದಿದ್ದಾಳೆ.”

“ಸರಿಯಾಗೇ ಇದೆಯಲ್ಲ.”

“ಸರಿಯಾಗೇ ಇದೆ. ಪುಸ್ತಕದಲ್ಲಿ ಇಲ್ಲ ಅಂತ ನಾನು ಸೊನ್ನೆ ಹಾಕ್ದೆ, ಅದರಿಂದ್ಲೇ ನಪಾಸಾದ್ಲು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗಾಯ್ತು. ತಪ್ಪು ನಂದು.”

ಅಪ್ಪನ ಕೈ ನಿಂತಿತು. ಟೀಚರೊಬ್ಬರು ತಪ್ಪು ಒಪ್ಪಿಕೊಂಡದ್ದನ್ನು ಅವನು ಕಂಡದ್ದು ಅದೇ ಮೊದಲು.

ಟೀಚರ್ ಚೀಲದಿಂದ ಶಾಲೆಯ ಟ್ಯಾಬ್ ತೆಗೆದು, ಸದ್ದನ್ನು ಅಲೆಗಳಾಗಿ ತೋರಿಸುವ ಆ್ಯಪ್ ತೆರೆದು ಗಿಳಿಯ ಕೈಗಿಟ್ಟರು.

“ಅಯ್ಯೋ, ಅದನ್ನ ಹಿಡಿದ ಮಕ್ಕಳು ಕೆಟ್ಟುಹೋಗ್ತವೆ ಕಣಮ್ಮ,” ಎಂದಳು ಒಳಗಿನಿಂದ ಅಜ್ಜಿ.

“ಯಾವುದಕ್ಕೆ ಹಿಡೀತೀವಿ ಅನ್ನೋದರ ಮೇಲಿದೆ ಅಜ್ಜಿ. ನೀವೂ ಬಂದು ನೋಡಿ.”

ಟೀಚರ್ ಹೇಳಿದಂತೆ ಅಪ್ಪ ಟ್ಯಾಬಿನ ಮುಂದೆ ಡೋಲು ಬಾರಿಸಿದ. ಪರದೆಯ ಮೇಲೆ ಅಗಲವಾದ ಅಲೆಗಳು ಮೂಡಿದವು. ಡೋಲನ್ನು ಬೆಂಕಿಗೆ ಕಾಯಿಸಿ ಮತ್ತೆ ಬಾರಿಸಿದ. ಈ ಸಲ ಅಲೆಗಳು ಒತ್ತೊತ್ತಾಗಿ ಬಂದವು. ಅಜ್ಜಿ ಕನ್ನಡಕ ಹುಡುಕಿಕೊಂಡು ಬಂದಳು.

“ಯಾಕೆ ಹೀಗಾಯ್ತು?” ಎಂದು ಕೇಳಿದರು ಟೀಚರ್.

ಗಿಳಿ ಬಾಯಿ ಬಿಟ್ಟಳು. “ಕಾಯಿಸಿದ್ರೆ ಚರ್ಮದ ತೇವ ಹೋಗಿ ಬಿಗಿಯಾಗುತ್ತೆ. ಬಿಗಿಯಾದ್ರೆ ಬೇಗ ಬೇಗ ನಡುಗುತ್ತೆ. ಅದಕ್ಕೇ ಶ್ರುತಿ ಏರುತ್ತೆ.”

“ಒಂದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ ಅನ್ನೋದಕ್ಕೆ ಪುಸ್ತಕ ಆವೃತ್ತಿ ಅನ್ನುತ್ತೆ. ನಿನಗೆ ಗೊತ್ತಿಲ್ಲದೆ ಇದ್ದದ್ದು ಆ ಹೆಸರೊಂದೇ.”

ಗಿಳಿಯ ಕಣ್ಣು ತುಂಬಿತು. ಅಪ್ಪ ಡೋಲನ್ನು ಅವಳ ಮಡಿಲಿಗಿಟ್ಟ.

“ನಾಳೆ ಡೋಲು ತಗೊಂಡು ನೀವೂ ಕ್ಲಾಸಿಗೆ ಬನ್ನಿ,” ಎಂದರು ಟೀಚರ್.

“ನಾನಾ? ನಾನು ಓದಿರೋದು ನಾಲ್ಕನೇ ಕ್ಲಾಸು.”

“ಅದಕ್ಕೇನಂತೆ? ನಾನು ಒಂದು ಡೋಲೂ ಕಟ್ಟಿಲ್ಲ.”

ಮರುದಿನ ಅಪ್ಪ ಮಗಳು ಇಬ್ಬರೂ ಶಾಲೆಗೆ ಹೊರಟರು. ದಾರಿಯುದ್ದಕ್ಕೂ ಗಿಳಿ ಮಾತು ನಿಲ್ಲಿಸಲಿಲ್ಲ, ಅಪ್ಪನೂ ನಿಲ್ಲಿಸು ಎನ್ನಲಿಲ್ಲ.

ಅಪ್ಪ ಅಮ್ಮಂದಿರೇ, ನೀವು ದಿನಾ ಮಾಡುವ ಕೆಲಸದಲ್ಲೂ ವಿಜ್ಞಾನವಿದೆ. ಮಕ್ಕಳಿಗೆ ಅದನ್ನು ತೋರಿಸಿ, ಶಾಲೆ ಮಾತ್ರ ಬಿಡಿಸಬೇಡಿ. ಟೀಚರ್ ಕರೆದರೆ ನಾಚದೆ ಹೋಗಿ. ಟೀಚರುಗಳೇ, ಪುಸ್ತಕದಲ್ಲಿಲ್ಲದ ಉತ್ತರ ಕಂಡರೆ ಸೊನ್ನೆ ಹಾಕುವ ಮುಂಚೆ ಆ ಮಗುವಿನ ಮನೆಗೊಮ್ಮೆ ಹೋಗಿಬನ್ನಿ.