ಕಣ್ಣಳತೆಗೆ ಸಿಗದ ನೀರು

ನೆಂಟರ ಮನೆಗೆಂದು ಹೊರದೇಶಕ್ಕೆ ಹೋದವರಿಗೆ ಒಂದು ಕಷ್ಟ ಇದ್ದೇ ಇರುತ್ತದೆ. ಬೆಳಗಾದರೆ ಮನೆಯವರು ಕೆಲಸಕ್ಕೆ ಹೊರಡುತ್ತಾರೆ. ಆಮೇಲೆ ಮಾತಾಡಲು ಗೋಡೆ ಮಾತ್ರ. ನಮ್ಮ ಟೈಲರಕ್ಕನಿಗೂ ಹಾಗೇ ಆಯಿತು. ಅಲ್ಲಿ ಬಸ್ ಓಡಿಸುವ ತಮ್ಮ "ಅಕ್ಕಾ, ಸ್ವಲ್ಪ ದಿನ ಬಂದು ಇರು" ಎಂದು ಕರೆಸಿಕೊಂಡಿದ್ದ. ಆದರೆ ಅವಳು ಏಳುವ ಮೊದಲೇ ಅವನು ಹೋಗಿರುತ್ತಿದ್ದ. ಊರಲ್ಲಿ ಬಾಯಿಗೆ ಬಿಡುವೇ ಕೊಡದವಳು ಇಲ್ಲಿ ತಮ್ಮನ ಅಂಗಿಗಳಿಗೆಲ್ಲ ಗುಂಡಿ ಹೊಲಿದಳು. ಗುಂಡಿ ಗಟ್ಟಿಯಾಗಿದ್ದ ಅಂಗಿಗಳನ್ನೂ ಬಿಡಲಿಲ್ಲ.

ಕೆಳಗಿನ ಮನೆಯ ನರ್ಸಮ್ಮ ನಮ್ಮ ಭಾಷೆಯವಳು. ಅಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವುದನ್ನು ಒಂದು ದಿನ ನೋಡಿದಳು.

"ಅಕ್ಕಾ, ಪಕ್ಕದ ಬೀದೀಲೇ ಈಜುಕೊಳ ಇದೆ. ಕಟ್ಟಡದ ಒಳಗೆ, ಬೆಚ್ಚಗಿನ ನೀರು. ನೀರಲ್ಲಿ ನಡೆದ್ರೆ ಮಂಡಿಗೆ ಒಳ್ಳೇದು. ನಾಲ್ಕು ಜನಾನೂ ಕಣ್ಣಿಗೆ ಬೀಳ್ತಾರೆ."

"ಆ ತುಂಡು ಬಟ್ಟೆ ನಾನು ಹಾಕ್ಕೊಳ್ಳಲ್ಲಮ್ಮ. ಹೊಲಿದವನಿಗೆ ಬಟ್ಟೆ ಸಾಲದೆ ಬಂದಿತ್ತೇನೋ."

"ಮೈ ಮುಚ್ಚೋ ಈಜುಡುಗೆಯೂ ಸಿಗುತ್ತೆ. ಮನೆ ಬಟ್ಟೆ ಮಾತ್ರ ಬೇಡ, ನೆನೆದು ಭಾರವಾಗಿ ಎಳೆಯುತ್ತೆ. ಸ್ನಾನ ಮಾಡಿ ಇಳೀಬೇಕು. ಮೊದಲು ಅಲ್ಲಿರೋ ಲೈಫ್‌ಗಾರ್ಡ್ ಹತ್ರ ಹೋಗಿ, ನಂಗೆ ಈಜು ಬರಲ್ಲ ಅಂತ ಹೇಳಿ."

ಆ ಒಂದು ಮಾತನ್ನು ಅಲ್ಲಿಯ ಭಾಷೆಯಲ್ಲೂ ಹೇಳಿಕೊಟ್ಟಳು.

"ಅಷ್ಟು ಜನರ ಮುಂದೆ ಬರಲ್ಲ ಅನ್ನೋದಾ? ಮಾನ ಹೋಗುತ್ತೆ" ಎಂದಳು ಅಕ್ಕ.

ಇಬ್ಬರೂ ಕೊಳಕ್ಕೆ ಹೋಗೋಣವೆಂದುಕೊಂಡ ದಿನ ಆಸ್ಪತ್ರೆಯ ಕೆಲಸದಿಂದ ನರ್ಸಮ್ಮನಿಗೆ ತಡವಾಯಿತು. ಅಕ್ಕ ಮೈ ಮುಚ್ಚುವ ಈಜುಡುಗೆ ಹಾಕಿಕೊಂಡು ಕೊಳದ ಪಕ್ಕದ ಬೆಂಚಿನ ಮೇಲೆ ಒಬ್ಬಳೇ ಕೂತಳು. ಸುತ್ತಲೂ ಜೋಡಿ ಜೋಡಿಯಾಗಿ ಜನ, ನಗು. ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಮನೆಯಲ್ಲಿ ಒಂಟಿಯಾಗಿರುವುದೇ ವಾಸಿ ಎನಿಸಿ ಅವಳಿಗೆ ಅಳು ಬಂತು. ಹೀಗೆ ಕೂರುವುದಕ್ಕಿಂತ ಇಳಿಯುವುದೇ ಮೇಲು ಎಂದು ಎದ್ದಳು.

ಊರಿನ ಕೆರೆಯದು ಕದಡಿದ ನೀರು, ನೋಡಿದರೇ ಭಯ. ಇಲ್ಲಿ ತಳದ ಬಿಳಿ ಟೈಲ್ಸ್ ಕಾಣುತ್ತಿತ್ತು. ಟೇಪು ಹಿಡಿಯದೆ ಸೊಂಟದ ಅಳತೆ ಹೇಳುವ ಕಣ್ಣು ಅವಳದು. ಎದೆಮಟ್ಟಕ್ಕೂ ಬಾರದು ಎಂದು ಲೆಕ್ಕ ಹಾಕಿದಳು. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಎಂದುಕೊಂಡು ಅಂಚಿನಿಂದ ಜಾರಿದಳು.

ಕಾಲಿಗೆ ನೆಲ ಸಿಗಲಿಲ್ಲ. ಕೂಗೋಣವೆಂದರೆ ಬಾಯಿ ತುಂಬ ನೀರು. ಮುಳುಗುವವರು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತಾರೆ. ಪಕ್ಕದಲ್ಲೇ ಜನ ನಗುತ್ತಿದ್ದರು. ಕೊನೆಗೆ ಲೈಫ್‌ಗಾರ್ಡ್ ಹುಡುಗಿ ನೋಡಿ, ಹಾರಿ, ಮೇಲಕ್ಕೆಳೆದಳು.

ಓಡಿ ಬಂದ ನರ್ಸಮ್ಮನಿಗೆ ಟವೆಲ್ ಸುತ್ತಿಕೊಂಡು ನಡುಗುವ ಅಕ್ಕ ಕಂಡಳು.

"ನೆಲ ಕಾಣ್ತಿತ್ತಲ್ಲಮ್ಮಾ."

"ತಿಳಿನೀರು ಆಳಾನ ಕಮ್ಮಿ ಮಾಡಿ ತೋರಿಸುತ್ತೆ ಅಕ್ಕಾ. ಅದಕ್ಕೇ ಅಂಚಲ್ಲಿ ಆಳ ಎಷ್ಟು ಅಂತ ಬರೆದಿರ್ತಾರೆ."

"ಮುಳುಗುವಾಗ ಒಂದೇ ಯೋಚನೆ ಬಂತು. ನಾನು ಸತ್ರೆ ಯಾರ ಕಡೆಯವಳು ಅಂತ ಹೇಳೋಕೂ ಇಲ್ಲಿ ಯಾರೂ ಇಲ್ಲ" ಎಂದು ಅಕ್ಕ ಅತ್ತಳು.

ವಿಷಯ ತಿಳಿದ ತಮ್ಮ ಹೌಹಾರಿದ. "ಇನ್ನು ಆ ಕಡೆ ತಲೆ ಹಾಕ್ಬೇಡ ಅಕ್ಕಾ."

"ಮನೇಲಿ ಕೂಡಿಹಾಕಿದ್ರೆ ಮಂಡಿ ಜೊತೆ ಮನಸ್ಸೂ ಹಿಡ್ಕೊಳ್ಳುತ್ತೆ. ರಜೆ ದಿನ ನೀವೇ ಜೊತೆಗೆ ಬನ್ನಿ" ಎಂದಳು ನರ್ಸಮ್ಮ.

ತಮ್ಮ ಬಂದ. ಈ ಸಲ ಅಕ್ಕ ನೆಟ್ಟಗೆ ಆ ಹುಡುಗಿಯ ಬಳಿ ಹೋಗಿ, ಕಲಿತಿದ್ದ ಮಾತನ್ನು ತಡವರಿಸುತ್ತಾ ಹೇಳಿದಳು: ನನಗೆ ಈಜು ಬರುವುದಿಲ್ಲ. ಯಾರೂ ನಗಲಿಲ್ಲ. ಹುಡುಗಿ ಕೈ ಹಿಡಿದು ಆಳ ಕಡಿಮೆ ಇರುವ ಕಡೆಗೆ ಕರೆದುಕೊಂಡು ಹೋದಳು. ಆಮೇಲೂ ಮತ್ತೆ ಮತ್ತೆ ಅಕ್ಕನತ್ತ ತಿರುಗಿ ನೋಡುತ್ತಿದ್ದಳು. ಆ ದೇಶಕ್ಕೆ ಬಂದ ಮೇಲೆ ಅಲ್ಲಿಯವರೊಬ್ಬರ ಜೊತೆ ಅಕ್ಕ ಆಡಿದ ಮೊದಲ ಮಾತು ಅದು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾವ ದೇಶದ ಕೊಳವಾದರೂ ಸರಿ, ಆಳದ ಗುರುತು ನೋಡದೆ ಇಳಿಯಬೇಡಿ. ಜೊತೆಗೊಬ್ಬರಿರಲಿ. ಜೊತೆಗೆ ಯಾರೂ ಇಲ್ಲದವರು ನೀವಾದರೆ, ಲೈಫ್‌ಗಾರ್ಡ್ ಹತ್ತಿರ ಮೊದಲು ಹೋಗಬೇಕಾದವರು ನೀವೇ. ಈಜು ಬರಲ್ಲ ಎಂದು ಹೇಳಿ. ನೀವು ನೀರಲ್ಲಿದ್ದೀರಿ ಎಂದು ಒಂದು ಜೀವಕ್ಕಾದರೂ ಗೊತ್ತಿರಲಿ.