ಬಿಸಿಯಾದರೆ ಸುಮ್ಮನಾಗುವ ಸೊಲೆನಾಯ್ಡ್

"ಈ ಕಾರು ನಿಮ್ಮ ಕೈಯಲ್ಲಿ ಇರುವಷ್ಟು ದಿನ ನೀವು ಶಾಲೆಗೆ ಇನ್ನೊಬ್ಬರ ಗಾಡಿಯಲ್ಲಿ ಹೋಗುವ ಹಾಗೆ ಆಗುವುದಿಲ್ಲ ಟೀಚರೇ. ಅದು ನನಗೆ ಬಿಡಿ" ಎಂದು ಅಬ್ದುಲ್ ಹಕೀಂ ಮಾತು ಕೊಟ್ಟದ್ದು ತೊಂಬತ್ತಾರನೇ ಇಸವಿಯ ಮೇ ತಿಂಗಳಲ್ಲಿ, ಬಂಟ್ವಾಳದ ತನ್ನ ಗ್ಯಾರೇಜಿನ ಎದುರು, ನಾಲ್ಕು ಜನ ಕೇಳುವ ಹಾಗೆ.

ಆ ನಾಲ್ಕು ಜನ ಒಳಗೊಳಗೇ ನಗುತ್ತಿದ್ದರು. ಕ್ಲಚ್ಚಿಲ್ಲದ, ಗೇರು ತಾನಾಗಿಯೇ ಬೀಳುವ ಜಪಾನಿನ ಕಾರು. ಹೊರದೇಶದಿಂದ ಯಾರೋ ತರಿಸಿ, ಸಾಕಾಗಿ ಮಾರಿದ್ದು. ಅದನ್ನು ಕೊಂಡವರು ಶಿರ್ತಾಡಿಯ ಅನಂತಮತಿ ಟೀಚರ್. ಮೂರನೇ ವಯಸ್ಸಿನಲ್ಲಿ ಬಂದ ಪೋಲಿಯೋದಿಂದ ಅವರ ಎಡಗಾಲಿಗೆ ಬಲವಿಲ್ಲ. ಬಲಗಾಲೊಂದೇ ಸಾಕಾಗುವ ಕಾರು ಅವರಿಗೆ ಬೇಕಿತ್ತು. ಶಾರ್ಜಾದ ಗ್ಯಾರೇಜಿನಲ್ಲಿ ಏಳು ವರ್ಷ ದುಡಿದು ಬಂದಿದ್ದ ಹಕೀಮನಿಗೆ ಇಂಥ ಗೇರ್‌ಬಾಕ್ಸು ಹೊಸದಲ್ಲ. ಒಂದು ತಿಂಗಳು ಪಕ್ಕದಲ್ಲಿ ಕೂತು ಡ್ರೈವಿಂಗ್ ಕಲಿಸಿದವನೂ ಅವನೇ.

ಎಂಟು ವರ್ಷ ಆ ಮಾತು ನಡೆಯಿತು. ಕಾರು ಕೆಟ್ಟಾಗಲೆಲ್ಲ ಹಕೀಂ ರಾತ್ರಿಯೋ ಭಾನುವಾರವೋ ಹೋಗಿ ಸರಿಮಾಡಿ ಬಂದ. ಟೀಚರ್ ದಿನವೂ ನಾರಾವಿಯ ದಾರಿ ಹಿಡಿದು, ಬೆಳ್ತಂಗಡಿ ತಾಲೂಕಿನ ತಮ್ಮ ಸರಕಾರಿ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸಿದರು.

ಎರಡು ಸಾವಿರದ ನಾಲ್ಕರಲ್ಲಿ, ದಸರಾ ರಜೆಗೆ ಶಾಲೆ ಬಿಟ್ಟ ದಿನ, ಮನೆಗೆ ಬರುವ ಏರಿನಲ್ಲಿ ಕಾರು ಮೂರನೇ ಗೇರನ್ನು ಕಚ್ಚಿಕೊಂಡಿತು. ಎರಡಕ್ಕೆ ಇಳಿಯಲೇ ಇಲ್ಲ. ಸ್ಟಿಯರಿಂಗಿನ ಎದುರಿದ್ದ ಗೇರಿನ ಹಸಿರು ದೀಪ ಮಿಣುಕತೊಡಗಿತು. ಹಿಂದಿದ್ದ ಬಸ್ಸಿನವನ ಹಾರ್ನಿಗೆ ಕಿವಿಗೊಡದೆ ಟೀಚರ್ ಹೇಗೋ ಮನೆ ಮುಟ್ಟಿದರು.

ಹಕೀಂ ಬಂದು, ಸ್ಟಿಯರಿಂಗಿನ ಕೆಳಗಿದ್ದ ಎರಡು ತೂತಿನ ಪ್ಲಗ್ಗಿಗೆ ವಯರಿನ ತುಂಡೊಂದನ್ನು ಸಿಕ್ಕಿಸಿ ದೀಪ ನೋಡಿದ. ಎಂಟು ಸಲ ಮಿಣುಕಿ ನಿಂತಿತು. ಮತ್ತೆ ಎಂಟು.

"ಎಂಟು ಸಲ ಅಂದರೆ ಎರಡನೇ ಸೊಲೆನಾಯ್ಡಿನ ದೋಷ ಟೀಚರೇ. ತಾಮ್ರದ ತಂತಿ ಸುತ್ತಿದ ಸಣ್ಣ ಗುಂಡಿ. ಕರೆಂಟು ಕೊಟ್ಟರೆ ಒಳಗಿನ ಮೊಳೆ ಎದ್ದು ಆಯಿಲಿಗೆ ದಾರಿ ಬಿಡ್ತದೆ. ಆಯಿಲು ಹೋದರೆ ಗೇರು ಬೀಳ್ತದೆ."

"ಹತ್ತನೇ ಕ್ಲಾಸಿನ ಪಾಠವನ್ನು ನನಗೇ ಮಾಡ್ತೀರಲ್ಲ ಹಕೀಮರೇ."

ಸೊಲೆನಾಯ್ಡಿನ ಪ್ಲಗ್ಗು ಕಿತ್ತರೆ ಒಳಗೆಲ್ಲ ಹಸಿರು ಕಿಲುಬು. ಟೀಚರ ಅಣ್ಣ ಜಯರಾಜರ ಜೀಪಿನ ಡ್ರೈವರ್ ಲೋಕನಾಥ ಹಿಂದಿನ ತಿಂಗಳು ಕಾರನ್ನು ಹೊಳೆಗೆ ಇಳಿಸಿ ತೊಳೆದಿದ್ದನಂತೆ, ಜೀಪನ್ನು ತೊಳೆದ ಹಾಗೆ, ಮೂತಿಯವರೆಗೆ ನೀರಲ್ಲಿ ನಿಲ್ಲಿಸಿ. ಹಕೀಮನಿಗೆ ಅಷ್ಟೇ ಸಾಕಾಯಿತು. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ನೆನೆದ ಗಾಡಿಗಳನ್ನೇ ಬಿಚ್ಚುವವನು ಯಾವ ರೋಗಕ್ಕೂ ಮೊದಲು ದೂರುವುದು ನೀರನ್ನು. ಪ್ಲಗ್ಗು ಉಜ್ಜಿದ, ಮೀಟರ್ ಹಿಡಿದು ನೋಡಿದ, ಲೆಕ್ಕ ಸರಿ ಇತ್ತು. ದೀಪ ನಿಂತಿತು. ಲೋಕನಾಥನಿಗೆ ನಾಲ್ಕು ಮಾತು ಬೈದು ಬಂಟ್ವಾಳಕ್ಕೆ ಮರಳಿದ.

ಐದನೇ ದಿನ ಕಾರು ಏದುಸಿರು ಬಿಡುತ್ತ ಅವನ ಗ್ಯಾರೇಜಿಗೇ ಬಂದು ನಿಂತಿತು. ಮೂರನೇ ಗೇರಿನಲ್ಲೇ ಓಡಿಸಿಕೊಂಡು ಬಂದವನು ಲೋಕನಾಥ. ಹಿಂದೆ ಜೀಪಿನಲ್ಲಿ ಜಯರಾಜರು.

"ಕಿಲುಬು ಹೋಯ್ತು ಬ್ಯಾರಿಗಳೇ, ಕಾಯಿಲೆ ಹೋಗ್ಲಿಲ್ಲ" ಎಂದ ಲೋಕನಾಥ. ಬೈಗುಳದ ಬಾಕಿ ತೀರಿಸಿದ ಖುಷಿ ಅವನ ಮುಖದಲ್ಲಿತ್ತು.

ಜಯರಾಜರು ಜೀಪಿನಿಂದ ಇಳಿಯಲಿಲ್ಲ. "ಹಕೀಮಾ, ನಿನ್ನ ಕೈಯ ಮೇಲೆ ನನಗೆ ದೂರಿಲ್ಲ. ಈ ಕಾರಿಗೆ ಮುಪ್ಪು ಬಂತು, ಅಷ್ಟೆ. ಸೋಮವಾರ ಶಾಲೆ ಶುರು. ಆವತ್ತು ಬೆಳಿಗ್ಗೆ ಇದು ನಮ್ಮ ಅಂಗಳದಲ್ಲಿ ಸರಿಯಾಗಿ ನಿಂತಿರದಿದ್ರೆ ಗುಜರಿಯವನಿಗೆ ಕೊಟ್ಟುಬಿಡುವುದು ಅಂತ ಮಾತಾಗಿದೆ. ತಂಗಿಯನ್ನು ಲೋಕನಾಥ ಜೀಪಿನಲ್ಲಿ ಬಿಟ್ಟು ಬರ್ತಾನೆ."

"ಟೀಚರ್ ಒಪ್ಪಿದ್ರಾ ಧನಿ?"

"ಅವಳನ್ನೇ ಕೇಳು."

ಕೇಳಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಟೀಚರೇ ಎರಡು ಬಸ್ಸು ಬದಲಿಸಿ ಗ್ಯಾರೇಜಿಗೆ ಬಂದರು. ಊರುಗೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತು ಹೇಳಿದರು:

"ಒಪ್ಪಿದ್ದೇನೆ. ಅಣ್ಣ ಹೇಳುವುದೂ ಸುಳ್ಳಲ್ಲ, ದಾರಿಯಲ್ಲಿ ನಿಂತರೆ ನನಗೆ ಯಾರು? ಆದರೆ ಆ ಜೀಪಿಗೆ ನಾನು ಹತ್ತಲಿಕ್ಕೆ ಆಗುವುದಿಲ್ಲ ಹಕೀಮರೇ. ಲೋಕನಾಥ ಎತ್ತಿ ಕೂರಿಸಬೇಕು, ಎತ್ತಿ ಇಳಿಸಬೇಕು. ಇನ್ನೂರು ಮಕ್ಕಳ ಎದುರು, ದಿನಾ ಎರಡು ಸಲ."

ಹಕೀಂ ಕೈ ಒರೆಸುತ್ತಿದ್ದ ಬಟ್ಟೆಯನ್ನು ಬದಿಗಿಟ್ಟ. "ಎಲ್ಲಿ ಕಚ್ಚಿತು ಈ ಸಲ?" ಎಂದು ಕೇಳಿದ.

ಟೀಚರ್ ಚೀಲದಿಂದ ನೋಟ್‌ಬುಕ್ ತೆಗೆದರು. ನಾಲ್ಕು ದಿನವೂ ಕಾರು ಓಡಿಸಿ ಬರೆದಿಟ್ಟಿದ್ದರು. ಒಂಬತ್ತು ಕಿಲೋಮೀಟರಿಗೆ, ಎಂಟೂವರೆಗೆ, ಮತ್ತೆ ಒಂಬತ್ತಕ್ಕೆ. ಮಳೆ ಬಂದ ದಿನ ಹನ್ನೊಂದಕ್ಕೆ. "ಹೊರಡುವಾಗ ಒಮ್ಮೆಯೂ ಇಲ್ಲ. ನೀರಿನ ದೋಷ ಆದರೆ ಮಳೆಯ ದಿನ ಬೇಗ ಕೆಡಬೇಕಿತ್ತು. ಇದು ಉಲ್ಟಾ. ನನಗೇನೋ ತಂತಿ ಒಳಗೆಲ್ಲೋ ಬಿರುಕು ಬಿಟ್ಟು, ಕಾದಾಗ ಬಾಯಿ ತೆರೆಯುತ್ತದೆ ಅಂತ ಕಾಣ್ತದೆ. ನೀವು ಅಳೆದದ್ದು ತಣ್ಣಗಿರುವಾಗ ಅಲ್ವಾ?"

ಹಕೀಮನಿಗೆ ತನ್ನ ಮೇಲೇ ಸಿಟ್ಟು ಬಂತು. ಹೌದು. ಎಂಜಿನು ಆರಿದ ಮೇಲೆ, ಕೈಗೆ ಸುಡಬಾರದೆಂದು ಕಾದು ಕೂತು ಅಳೆದಿದ್ದ.

ಬ್ಯಾಟರಿ ಇಳಿಸಿ, ಗೇರ್‌ಬಾಕ್ಸಿನ ನೆತ್ತಿಯ ಮೇಲಿದ್ದ ಮೂರು ಬೋಲ್ಟು ಬಿಚ್ಚಿ ಸೊಲೆನಾಯ್ಡನ್ನು ಹೊರತೆಗೆದ. ಗ್ಯಾರೇಜಿನ ಹಿಂದೆಯೇ ಮನೆ. ಹೆಂಡತಿ ಜುಲೈಕಾ ಇಫ್ತಾರಿಗೆ ಸಮೋಸದ ಹಿಟ್ಟು ಲಟ್ಟಿಸುತ್ತಿದ್ದಳು.

"ಒಂದು ಹಳೆ ಬಾಣಲೆ ಬೇಕಿತ್ತು."

"ಯಾಕೆ?"

"ಇದನ್ನು ಕಾಯಿಸ್ಲಿಕ್ಕೆ."

ಜುಲೈಕಾ ಅವನ ಅಂಗೈಯಲ್ಲಿದ್ದ ಕಬ್ಬಿಣದ ಗುಂಡಿ ನೋಡಿದಳು. "ಮಗಳು ಯಾವ ಕ್ಲಾಸು ಅಂತ ಕೇಳಿದರೆ ಗೊತ್ತಿಲ್ಲ. ಟೀಚರ ಕಾರಿಗೆ ಎಷ್ಟು ಡಿಗ್ರಿ ಜ್ವರ ಅಂತ ಗೊತ್ತುಂಟು ನಿಮಗೆ." ಆದರೂ ಬಾಣಲೆ ಕೊಟ್ಟಳು, ಸೀಮೆಎಣ್ಣೆ ಸ್ಟೌವನ್ನು ಅಂಗಳಕ್ಕೆ ತಂದಿಟ್ಟಳು, ಟೀಚರಿಗೆ ಕುರ್ಚಿ ಹಾಕಿದಳು.

ಬಾಣಲೆಯಲ್ಲಿ ಗೇರ್‌ಬಾಕ್ಸಿನ ಕೆಂಪು ಆಯಿಲು. ಟೀಚರ್ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಶಾಲೆಯ ಥರ್ಮಾಮೀಟರನ್ನು ಅದರಲ್ಲಿ ಹಿಡಿದರು. ಹಕೀಂ ಸೊಲೆನಾಯ್ಡಿಗೆ ಎರಡು ವಯರು ಕಟ್ಟಿ ಆಯಿಲಿಗೆ ಇಳಿಸಿ, ವಯರಿನ ತುದಿಯನ್ನು ಬ್ಯಾಟರಿಗೆ ಮುಟ್ಟಿಸಿದ.

ಟಿಕ್.

ನಲವತ್ತು ಡಿಗ್ರಿಗೆ ಟಿಕ್. ಐವತ್ತಕ್ಕೆ ಟಿಕ್. ಉಪವಾಸದ ಬಾಯಿಗೆ ಆಯಿಲಿನ ಹೊಗೆ ಅಡರಿ ಹಕೀಮನ ಗಂಟಲು ಮರಳಿನಂತಾಗಿತ್ತು. ಎಪ್ಪತ್ತೆಂಟಕ್ಕೆ ಮುಟ್ಟಿಸಿದ. ಸದ್ದಿಲ್ಲ. ಮತ್ತೆ ಮುಟ್ಟಿಸಿದ. ಇಲ್ಲ. ಉರಿ ತಗ್ಗಿಸಿ ಕಾದರು. ಎಪ್ಪತ್ತಕ್ಕೆ ಇಳಿದಾಗ ಏನೂ ಆಗಿಲ್ಲವೆಂಬಂತೆ ಟಿಕ್ ಎಂದಿತು.

"ಕಳ್ಳ" ಎಂದರು ಟೀಚರ್.

ಕಳ್ಳ ಸಿಕ್ಕಿದ, ಅವನ ಜಾಗಕ್ಕೆ ಇನ್ನೊಬ್ಬ ಬೇಕಲ್ಲ. ಮಂಗಳೂರಿನ ಅಂಗಡಿಗಳಲ್ಲಿ ಕೇಳಿದರೆ, ಎರಡು ತಿಂಗಳಾಗುತ್ತದೆ ಎಂದರು. ಗುರುವಾರ ಹಕೀಂ ಐಎಸ್‌ಡಿ ಬೂತಿನಿಂದ ಶಾರ್ಜಾದಲ್ಲಿರುವ ತಮ್ಮ ಅಸ್ಕರನಿಗೆ ಫೋನು ಮಾಡಿದ.

"ಗುಜರಿಯಲ್ಲಿ ಈ ಮಾದರಿ ಬೇಕಾದಷ್ಟು ಉಂಟು ಕಾಕ" ಎಂದ ಅಸ್ಕರ್; ಅಣ್ಣನನ್ನು ಅವನು ಕರೆಯುವುದೇ ಕಾಕ ಎಂದು. "ನಾಳೆ ಜುಮ್ಮಾ ನಮಾಜು ಮುಗಿಸಿ ಹೋಗ್ತೇನೆ. ಮೂಡುಬಿದಿರೆಯ ಅಬ್ದುಲ್ ರಹಿಮಾನ್ ಪೆರ್ನಾಲ್ ಹಬ್ಬಕ್ಕೆ ಊರಿಗೆ ಹೊರಟಿದ್ದಾನೆ, ನಾಳೆ ರಾತ್ರಿಯ ವಿಮಾನ. ಮುಂಬೈಗೆ ಇಳಿದು ಬಸ್ಸು. ಭಾನುವಾರ ಬೆಳಿಗ್ಗೆ ಊರಲ್ಲಿರ್ತಾನೆ."

"ಒಂದಲ್ಲ, ಮೂರು ಕಳಿಸು. ಗುಜರಿಯದ್ದು, ನಂಬ್ಲಿಕ್ಕಾಗುವುದಿಲ್ಲ."

"ಮೂರು? ಅವನ ಬ್ಯಾಗಿನಲ್ಲಿ ಅವನ ಅಂಗಿಗೇ ಜಾಗ ಇಲ್ಲ ಕಾಕ. ಅರ್ಧ ಊರಿನ ಸಾಮಾನು ಹೊತ್ತಿದ್ದಾನೆ."

"ಮೂರು" ಎಂದ ಹಕೀಂ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಕೀಂ ಸ್ಕೂಟರಿನಲ್ಲಿ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿದ್ದ. ಬಸ್ಸು ಬಂದದ್ದು ಹನ್ನೆರಡಕ್ಕೆ. ಅಬ್ದುಲ್ ರಹಿಮಾನ್ ಇಳಿದವನೇ ಕೈಚೀಲದಿಂದ ಹಾಲಿನ ಪುಡಿಯ ಡಬ್ಬಿ ತೆಗೆದು ಚಾಚಿದ.

"ಕಸ್ಟಮ್ಸಿನವ ಅಲುಗಾಡಿಸಿ ನೋಡಿದ ಮಾರಾಯ. ಹಾಲಿನ ಪುಡಿಯಲ್ಲಿ ಕಬ್ಬಿಣ ಯಾಕೆ ಅಂತ ಕೇಳಿದ."

"ನೀನೇನು ಹೇಳಿದೆ?"

"ನಮ್ಮ ಊರಿನ ಟೀಚರಿಗೆ ಅಂತ ಹೇಳಿದೆ. ಅವನಿಗೆ ಅವನ ಟೀಚರ್ ನೆನಪಾಗಿರಬೇಕು. ಹೋಗು ಅಂದ."

ಗ್ಯಾರೇಜಿಗೆ ಮರಳುವಾಗ ಒಂದೂವರೆ. ಟೀಚರ್ ಆಗಲೇ ಬಸ್ಸಿನಲ್ಲಿ ಬಂದು ಥರ್ಮಾಮೀಟರ್ ಹಿಡಿದು ಕೂತಿದ್ದರು. ಜುಲೈಕಾ ಕೇಳದೆಯೇ ಬಾಣಲೆ ಇಟ್ಟಿದ್ದಳು.

ಮೊದಲನೆಯದು ತಣ್ಣಗಿರುವಾಗಲೇ ಮೂಕ. ಹಕೀಂ ಅದನ್ನು ಮೂಲೆಗೆ ಎಸೆದ. ಎರಡನೆಯದು ಚೆನ್ನಾಗಿ ಮಾತಾಡುತ್ತ ಬಂದು ಎಂಬತ್ತೈದಕ್ಕೆ ಬಾಯಿ ಮುಚ್ಚಿತು. ಬಂಟ್ವಾಳದಲ್ಲೂ ಶಾರ್ಜಾದಲ್ಲೂ ಒಂದೇ ರೋಗ. ಮೂರನೆಯದನ್ನು ಆಯಿಲಿಗೆ ಇಳಿಸಿದ. ಎಪ್ಪತ್ತು. ಎಂಬತ್ತು. ಎಂಬತ್ತೈದು. ತೊಂಬತ್ತು.

ಟಿಕ್.

"ಇನ್ನೊಮ್ಮೆ" ಎಂದರು ಟೀಚರ್.

ಟಿಕ್. ತೊಂಬತ್ತೈದಕ್ಕೆ ಒಯ್ದು ಇಪ್ಪತ್ತು ಸಲ ಮುಟ್ಟಿಸಿದ. ಇಪ್ಪತ್ತು ಸಲವೂ ಓಗೊಟ್ಟಿತು.

ಆಯಿಲು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟನ್ನು ಅಸ್ಕರ್ ಕಳಿಸಿರಲಿಲ್ಲ. ಹಳೆಯದು ಬಿಚ್ಚುವಾಗಲೇ ಹರಿದಿತ್ತು. ಹಕೀಂ ಗ್ಯಾಸ್ಕೆಟ್ ಕಾಗದವನ್ನು ಲೋಹದ ಮೇಲಿಟ್ಟು, ಅಂಚಿಗೆ ಸುತ್ತಿಗೆಯಿಂದ ಹಗುರಾಗಿ ತಟ್ಟಿ ಆಕಾರ ಮೂಡಿಸಿ ಕತ್ತರಿಸಿದ. ಆಯಿಲು ಸೋಸುವ ಪುಟ್ಟ ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು ಗ್ಯಾಸ್ಕೆಟ್ಟಿನ ನಡುವೆ ಕೂರಿಸಿದ. ಮೂರು ಬೋಲ್ಟು, ಒಂದಾದ ಮೇಲೊಂದು, ಸ್ವಲ್ಪಸ್ವಲ್ಪವೇ ಬಿಗಿದ. ಬ್ಯಾಟರಿ ಕೂರಿಸುವಾಗ ಐದು ಗಂಟೆ.

"ಓಡಿಸಿ" ಎಂದು ಟೀಚರ ಪಕ್ಕದಲ್ಲಿ ಕೂತ, ಎಂಟು ವರ್ಷದ ಹಿಂದಿನ ಹಾಗೆ.

ಸಿದ್ಧಕಟ್ಟೆಯ ದಾರಿಯಲ್ಲಿ ಒಂಬತ್ತು ಕಿಲೋಮೀಟರು ದಾಟಿತು, ಹನ್ನೊಂದು ದಾಟಿತು. ದೀಪ ಮಿಣುಕಲಿಲ್ಲ. ಹಕೀಮನಿಗೆ ಅಷ್ಟು ಸಾಲದು. ಒಮ್ಮೆ ಅವಸರಪಟ್ಟು ಮೋಸ ಹೋಗಿದ್ದ. ದೊಡ್ಡದೊಂದು ಏರಿನ ಬುಡದಲ್ಲಿ ಗಾಡಿ ಬದಿಗೆ ಹಾಕಿಸಿದ. "ಎಂಜಿನ್ ನಿಲ್ಲಿಸ್ಬೇಡಿ. ನಿಂತಲ್ಲೇ ಬಿಸಿಯಾಗಲಿ."

ಟೀಚರ್ ಗಡಿಯಾರ ನೋಡಿದರು. ಸೂರ್ಯ ಮುಳುಗಿದ ಮೇಲೆ ಜೈನರಾದ ಅವರಲ್ಲಿ ಊಟವಿಲ್ಲ. ಸೂರ್ಯ ಮುಳುಗದೆ ಹಕೀಮನ ಬಾಯಿಗೆ ನೀರಿಲ್ಲ. ಅವರು ಬುತ್ತಿ ಬಿಚ್ಚಿ, ಸಂಕೋಚದಿಂದ ಅವನತ್ತ ನೋಡಿದರು.

"ತಿನ್ನಿ ಟೀಚರೇ. ನಿಮ್ಮ ಅಂಗಡಿ ಮುಚ್ಚಿದ ಮೇಲೆಯೇ ನಮ್ಮ ಅಂಗಡಿ ತೆರೆಯುವುದು" ಎಂದು ಹಕೀಂ ಕಾರಿನಿಂದಿಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ತಗಡು ಸುಡುತ್ತಿತ್ತು. ಟೀಚರ್ ನಾಲ್ಕು ಇಡ್ಲಿ ಮುಗಿಸಿ ಕೈತೊಳೆದರು. ಬೆಳಕು ಕರಗಿ ದೂರದ ಮಸೀದಿಯಿಂದ ಬಾಂಗು ಕೇಳಿತು. ಹಕೀಂ ಜೇಬಿನಿಂದ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ, ಟೀಚರ ಬಾಟಲಿಯಿಂದ ನೀರು ಕುಡಿದ, ಒಳಗೆ ಕೂತ. ಎಂಜಿನು ಮುಕ್ಕಾಲು ಗಂಟೆಯಿಂದ ಉರಿಯುತ್ತಿತ್ತು.

"ಈಗ ಹತ್ತಿಸಿ."

ಟೀಚರ್ ಬಲಗಾಲು ಒತ್ತಿದರು. ಒಂದು. ಎರಡು. ಮೂರಕ್ಕೆ ಹೋದ ಗೇರು ಏರು ಕಡಿದಾದಲ್ಲಿ ಮತ್ತೆ ಎರಡಕ್ಕೆ ಇಳಿಯಬೇಕು. ಹಕೀಂ ಅಂಗೈಯನ್ನು ಗೇರಿನ ಹಿಡಿಯ ಬುಡಕ್ಕೆ ಒತ್ತಿ ಹಿಡಿದಿದ್ದ. ಸಣ್ಣದೊಂದು ಅಲುಗಾಟ ಕೈಗೆ ಬಡಿಯಿತು. ಎಂಜಿನಿನ ದನಿ ಏರಿತು, ಕಾರು ಬೆನ್ನು ನೆಟ್ಟಗೆ ಮಾಡಿಕೊಂಡು ಏರು ಹತ್ತಿತು. ಕೆಳಗಿಳಿದು ಮತ್ತೊಮ್ಮೆ ಹತ್ತಿಸಿದರು. ಮೂರನೇ ಸಲ ಹತ್ತಿಸಲು ಹೊರಟಾಗ ಟೀಚರೇ ನಕ್ಕರು. "ಇನ್ನು ಸಾಕು. ಜುಲೈಕಾಳ ಸಮೋಸ ತಣ್ಣಗಾಗ್ತದೆ."

ಸೋಮವಾರ ಬೆಳಿಗ್ಗೆ ಲೋಕನಾಥ ಜೀಪು ಒರೆಸಿ ಇಟ್ಟಿದ್ದ. ಗುಜರಿಯವನು ಬಂದು, ಜಯರಾಜರ ಚಾವಡಿಯಲ್ಲಿ ಒಂದು ಲೋಟ ಚಹಾ ಕುಡಿದು ಹೋದ. ಅನಂತಮತಿ ಟೀಚರ್ ಎಂಟೂ ಇಪ್ಪತ್ತಕ್ಕೆ ತಮ್ಮ ಕಾರಿನಲ್ಲಿ ಹೊರಟು, ಒಂಬತ್ತರೊಳಗೆ ಶಾಲೆಯ ಅಂಗಳದಲ್ಲಿ ಇಳಿದರು. ಹಕೀಂ ಕೊಟ್ಟ ಮಾತು ನಡೆಯಿತು.